ಏಳನೆಯ ಹಾಳೆ

ಶಿಷ್ಟಾಚಾರ ಶಾಖೆಗೆ ಹೊಸದಾಗಿ ಸೇರಿದವರು ನನ್ನನ್ನು ಕಾಣಲು ಬಂದರೆ ಮೊದಲು ಕೇಳುವುದು ದೊಡ್ಡವರ ವಿಷಯ. ಯಾರ್ಯಾರನ್ನು ಹತ್ತಿರದಿಂದ ನೋಡಿದಿರಿ, ಯಾರ ಸಂಗಡ ಊಟ ಮಾಡಿದಿರಿ ಎಂದು. ಊಟ ಯಾರ ಸಂಗಡವೂ ಮಾಡಿಲ್ಲ. ದೊಡ್ಡವರು ಉಣ್ಣುವಾಗ ನಾನು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದೆ. ಈ ಕೆಲಸದಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೆ ಜೊತೆಗಿರುವುದು ಹೆದರಿಕೆ. ಅದನ್ನು ಮುಚ್ಚಿಟ್ಟು ಬರೆದರೆ ನಿಮಗೆ ಉಪಯೋಗವಿಲ್ಲ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದು, ಟೈಪಿಂಗ್ ಪರೀಕ್ಷೆ ಪಾಸಾಗಿ ಸರ್ಕಾರಿ ಕಚೇರಿ ಸೇರಿದೆ. ಅಲ್ಲಿ ಎಲ್ಲರಿಗೂ ಇನಾಮದಾರ ಬಾಯಿ ಆದೆ. ಊರಿಗೆ ಹೊರದೇಶದ ಅತಿಥಿ ಬಂದರೆ ಅವರ ಕಾರು ಎಲ್ಲಿ ನಿಲ್ಲಬೇಕು, ಯಾವ ಕುರ್ಚಿಯಲ್ಲಿ ಯಾರು ಕೂರಬೇಕು, ಹೂಗುಚ್ಛ ಯಾರು ಕೊಡಬೇಕು ಎಂಬುದನ್ನು ನಿಮಿಷ ನಿಮಿಷಕ್ಕೆ ಬರೆದಿಡುವುದು ನಮ್ಮ ಶಾಖೆಯ ಕೆಲಸ. ಎಲ್ಲ ಸರಿಯಾದರೆ ನಾವಿದ್ದೆವೆಂದು ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಾದರೆ ಮಾತ್ರ ನಮ್ಮ ಹೆಸರು ದಿಲ್ಲಿಯವರೆಗೆ ಹೋಗುತ್ತದೆ.

ನನ್ನ ಮೇಲಿನವರು ಪಟವರ್ಧನ ಸಾಹೇಬರು. ತೆಳ್ಳಗಿನ ಮನುಷ್ಯ, ಕಿಸೆಯಲ್ಲಿ ಯಾವಾಗಲೂ ಎರಡು ಪೆನ್ನು, ಹೊಟ್ಟೆಹುಣ್ಣಿನ ಮಾತ್ರೆ. ಅವರು ಮಾತಾಡುತ್ತಿದ್ದುದು ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ನಾನು ಶಾಖೆಗೆ ಬಂದ ಹೊಸತರಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿಯ ಹೆಸರಿನ ಕೆಳಗೆ ‘ರಾಯಭಾರ ಕಚೇರಿ’ ಎಂದು ಟೈಪ್ ಮಾಡಿದ್ದೆ. ಸಾಹೇಬರು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದರು.

“ಬಾಯಿ, ರಾಯಭಾರಿ ಬರುವುದು ಅಮೆರಿಕದಿಂದ, ರಷ್ಯಾದಿಂದ. ಬ್ರಿಟನ್ನಿನಿಂದ ನಮಗೆ ಬರುವವರು ಹೈಕಮಿಷನರ್. ಒಂದು ಕಾಲಕ್ಕೆ ಅವರ ಆಳ್ವಿಕೆಯಲ್ಲಿದ್ದು ಈಗ ಕಾಮನ್‌ವೆಲ್ತ್‌ನಲ್ಲಿರುವ ದೇಶಗಳಿಗೆಲ್ಲ ಹೀಗೇ.”

“ಯಾಕೆ ಸಾಹೇಬ?”

“ಒಂದೇ ಮನೆಯವರು ಅಂತ ತೋರಿಸಲಿಕ್ಕೆ.” ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಮನೆ ಯಾರದು ಅಂತ ಮಾತ್ರ ಕೇಳಬೇಡಿ.”

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಬ್ರಿಟನ್ನಿನ ಧ್ವಜ ತಲೆಕೆಳಗಾದರೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತದೆ. ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ಅಗಲವಾದ ಬಿಳಿ ಪಟ್ಟಿ ಕೆಂಪಿನ ಮೇಲೆ ಇರಬೇಕು. ಕೆಳಗೆ ಬಂದರೆ ಅದು ಅಪಾಯದ ಸೂಚನೆ, ಇಲ್ಲವೆ ಅವಮಾನ. ಒಂದು ಚಹಾಕೂಟಕ್ಕೆ ಅತಿಥಿಗಳ ಕಾರು ಗೇಟಿಗೆ ಬರುವ ಹನ್ನೊಂದು ನಿಮಿಷ ಮೊದಲು ಅದು ನನ್ನ ಕಣ್ಣಿಗೆ ಬಿತ್ತು. ಹಗ್ಗ ಬಿಚ್ಚಿ ಕಟ್ಟಿದೆವು, ಯಾರೂ ನೋಡಲಿಲ್ಲ. ಆದರೆ ಅಂದಿನಿಂದ ಪ್ರತಿಯೊಂದನ್ನೂ ಎರಡು ಸಲ ನೋಡುವ ರೂಢಿ ಬಂತು. ನೀವೂ ಎರಡು ಸಲ ನೋಡಿ. ಮೂರನೆಯ ಸಲ ನೋಡಬೇಡಿ, ಆಗ ಇಲ್ಲದ ತಪ್ಪೂ ಕಾಣಿಸತೊಡಗುತ್ತದೆ.

ಎರಡು ದೇಶಗಳ ಮಧ್ಯೆ ಮಾತು ಹೇಗಿದೆ ಎಂಬುದು ನಮಗೆ ಪತ್ರಿಕೆಗಿಂತ ಮೊದಲು ತಿಳಿಯುತ್ತಿತ್ತು. ಮೇಲಿನಿಂದ ಬರುವ ಸೂಚನಾಪತ್ರದಲ್ಲಿ ‘ಆತ್ಮೀಯ ಸ್ವಾಗತ’ ಎಂದಿದ್ದರೆ ಹಾರ, ವಾದ್ಯ, ಮಕ್ಕಳು. ‘ಯಥೋಚಿತ ಸ್ವಾಗತ’ ಎಂದಿದ್ದರೆ ಒಂದು ಹೂಗುಚ್ಛ, ನಗು ಕೂಡ ಅಳೆದು. ಸ್ವಾತಂತ್ರ್ಯದ ಐವತ್ತನೆಯ ವರ್ಷ, ನವೆಂಬರಿನಲ್ಲಿ ಬ್ರಿಟಿಷ್ ಹೈಕಮಿಷನ್ನಿನ ಒಬ್ಬ ಹಿರಿಯ ಅಧಿಕಾರಿ ಪುಣೆಗೆ ಬರುತ್ತಾರೆಂದು ಪತ್ರ ಬಂತು. ಊರಿನ ಖಡಕಿ ಬಡಾವಣೆಯಲ್ಲಿ ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಸ್ಮಶಾನವಿದೆ. ಅಲ್ಲಿ ಹೂಚಕ್ರ ಇಡುವುದು, ಎರಡು ನಿಮಿಷ ಮೌನ, ಚಹಾ, ಅಷ್ಟೇ. ಪತ್ರದಲ್ಲಿದ್ದ ಪದ ‘ಯಥೋಚಿತ’. ಅದರ ಕೆಳಗೆ ಕೈಬರಹದಲ್ಲಿ ಒಂದು ಸಾಲು: ಯಾವುದೇ ಅಹಿತಕರ ಘಟನೆ ನಡೆದರೆ ಸಂಬಂಧಪಟ್ಟ ಅಧಿಕಾರಿಯೇ ಹೊಣೆ.

ಪಟವರ್ಧನ ಸಾಹೇಬರಿಗೆ ಆಗ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಆ ಸಾಲನ್ನು ಓದಿ ಒಂದು ಮಾತ್ರೆ ನುಂಗಿದರು.

ಅದೇ ವರ್ಷ ನಮ್ಮ ಶಾಖೆಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೂ ಮೊದಲು ಆಮಂತ್ರಣದ ಪ್ರತಿ ಲಕೋಟೆಯ ಮೇಲೂ ನಾನೇ ಕೈಯಿಂದ ವಿಳಾಸ ಬರೆಯುತ್ತಿದ್ದೆ. ಬರೆಯುವಾಗ ಹೆಸರು ಓದಲೇಬೇಕಲ್ಲ. ಕಂಪ್ಯೂಟರಿನಲ್ಲಿ ಬಡಾವಣೆಯ ಹೆಸರು ಒತ್ತಿದರೆ ಅಲ್ಲಿನ ಗಣ್ಯರ ವಿಳಾಸಗಳು ಅಂಟುಚೀಟಿಯಾಗಿ ಹೊರಬರುತ್ತಿದ್ದವು. ಖಡಕಿ ಎಂದು ಒತ್ತಿದೆ. ಚೀಟಿ ಬಂದವು, ಅಂಟಿಸಿದೆ, ಜವಾನ ಹಂಚಿ ಬಂದ. ಎಲ್ಲ ಸಲೀಸಾಯಿತೆಂದು ಅಂದು ಐದೂವರೆಗೇ ಮನೆಗೆ ಹೋದೆ.

ಮೂರು ದಿನ ಬಿಟ್ಟು ಪೊಲೀಸರ ಮುಚ್ಚಿದ ಲಕೋಟೆ ಬಂತು. ದೊಡ್ಡ ಅತಿಥಿ ಬರುವ ದಿನ ಯಾರ್ಯಾರ ಮೇಲೆ ಕಣ್ಣಿಡಬೇಕೋ, ಅಗತ್ಯ ಬಿದ್ದರೆ ಮುಂಜಾನೆಯೇ ಯಾರನ್ನು ಠಾಣೆಯಲ್ಲಿ ಕೂರಿಸಬೇಕೋ ಅವರ ಪಟ್ಟಿ. ಅದರಲ್ಲಿ ಮೊದಲ ಹೆಸರು: ಗುರುಸಿದ್ದಪ್ಪ, ವಯಸ್ಸು ಎಪ್ಪತ್ತೈದು, ಸ್ವಾತಂತ್ರ್ಯ ಹೋರಾಟಗಾರ, ಖಡಕಿ. ಕಾರಣ: ‘ಬ್ರಿಟಿಷ್ ಅಧಿಕಾರಿ ಎದುರಿಗೆ ಸಿಕ್ಕರೆ ಒಂದು ಮಾತು ಕೇಳುತ್ತೇನೆ’ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಆ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಆಗಸ್ಟ್ ಹದಿನೈದಕ್ಕೆ ಧ್ವಜಾರೋಹಣದ ಮುಂದಿನ ಸಾಲಿನಲ್ಲಿ ಅವರ ಕುರ್ಚಿಗೆ ನಾನೇ ಚೀಟಿ ಅಂಟಿಸುತ್ತಿದ್ದೆ. ಗಣ್ಯರ ಪಟ್ಟಿಯಲ್ಲಿ ಅವರಿದ್ದದ್ದೂ ಅದಕ್ಕೇ. ಜವಾನನ ಪುಸ್ತಕ ತೆಗೆದು ನೋಡಿದೆ. ಆಮಂತ್ರಣ ತಲುಪಿದ್ದಕ್ಕೆ ಕನ್ನಡದಲ್ಲಿ ಗುಂಡಗಿನ ಸಹಿ. ಸರ್ಕಾರವೇ ಸಹಿ ಮಾಡಿ ಕರೆದ ಮನುಷ್ಯನನ್ನು ಅದೇ ದಿನ ಸರ್ಕಾರವೇ ಠಾಣೆಯಲ್ಲಿ ಕೂರಿಸಬೇಕು. ಆಮಂತ್ರಣದ ಕೆಳಗಿದ್ದ ಸಹಿ ಸಾಹೇಬರದು, ಚೀಟಿ ಅಂಟಿಸಿದ ಕೈ ನನ್ನದು.

ಸಾಹೇಬರಿಗೆ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಖಡಕಿಗೆ ಹೋದೆ. ಬಜಾರದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಅಜ್ಜ ಹೊಸ್ತಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

“ಅಜ್ಜಾರ, ನಾ ಆಫೀಸಿನ ಬಾಯಿ. ಆ ಆಮಂತ್ರಣ ಪತ್ರಿಕಾ ತಪ್ಪಿ ಬಂದದರಿ. ವಾಪಸ್ ಕೊಡಬೇಕು.”

“ತಪ್ಪಿ? ಹೆಸರು ನಂದ ಐತಲ್ಲ?”

“ಹೆಸರು ನಿಮ್ಮದ ಅದ.”

“ಮನಿ ನಂಬರ?”

“ಅದೂ ನಿಮ್ಮದರಿ.”

“ಮತ್ತ ತಪ್ಪ ಎಲ್ಲೈತಿ? ಐವತ್ತ ವರ್ಷದಾಗ ಸರಕಾರ ನನ್ನ ಹೆಸರು, ಮನಿ ನಂಬರ ಎರಡೂ ಸರಿ ಬರದದ್ದು ಇದ ಮೊದಲನೇ ಸಲ. ಏ ಶಾಂತಾ, ಬಾಯಾರಿಗೆ ಚಾ ಇಡವಾ, ಭಾಳ ಹೆದರ್ಯಾರ.”

ಸೊಸೆ ಚಹಾ ತಂದುಕೊಟ್ಟಳು. ಪೊಲೀಸರ ವಿಷಯ ಹೇಳಬಾರದಿತ್ತು, ಹೇಳಿದೆ. ಅಜ್ಜ ನಕ್ಕರು. “ಇಂಗ್ಲಿಷರ ಪೊಲೀಸರನ್ನ ನೋಡಿದ ಮನಷ್ಯಾ ನಾ. ಇವರು ಪಾಪ, ಕೂಡಸಿ ಚಾ ಕುಡಸ್ತಾರ.”

“ಅಲ್ಲಿ ಬಂದು ನೀವು ಕೂಗಿದ್ರ ನಮ್ಮ ಸಾಹೇಬರ ಪೆನ್ಶನ್ನೂ ಹೋಗ್ತದ, ನನ್ನ ನೌಕರೀನೂ ಹೋಗ್ತದರಿ.”

“ಕೂಗಾಕ ದಮ್ಮ ಎಲ್ಲೈತ್ರಿ ಬಾಯಾರ? ಕೇಳಾಂವ ಅದೀನಿ. ಒಂದ ಮಾತು.”

ಆ ಮಾತು ಏನೆಂದು ಆಗ ಹೇಳಿದರು. ಅವರು ಮತ್ತು ಅವರ ಅಣ್ಣ ಈರಪ್ಪ ಬೈಲಹೊಂಗಲದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದು ಖಡಕಿಯ ಒಂದು ಕಾರ್ಖಾನೆಯಲ್ಲಿದ್ದರು. ನಲವತ್ತೆರಡರ ಚಳವಳಿಯಲ್ಲಿ ಇಬ್ಬರೂ ಗೋಡೆಗೆ ಚೀಟಿ ಅಂಟಿಸುವಾಗ ಸಿಕ್ಕಿಬಿದ್ದು ಒಂದೇ ಜೈಲಿಗೆ ಹೋದರು. ಅಣ್ಣ ಅಲ್ಲಿ ಜ್ವರ ಬಂದು ಸತ್ತ. ತಮ್ಮನಿಗೆ ತಿಳಿದದ್ದು ಹತ್ತು ದಿನದ ಮೇಲೆ. ದೇಹ ಕೊಡಲಿಲ್ಲ, ಎಲ್ಲಿ ಹಾಕಿದರೆಂದು ಹೇಳಲಿಲ್ಲ.

“ನಮ್ಮ ಮಂದ್ಯಾಗ ಹೂಳ್ತಾರರಿ. ಹೂಳಿದ್ರೋ, ಸುಟ್ರೋ, ಹೊಳ್ಯಾಗ ಒಗದ್ರೋ. ನಮ್ಮವ್ವ ಅದನ್ನ ಕೇಳ್ಕೋತ ಕೇಳ್ಕೋತ ಹೋದ್ಲು. ಈಗ ನಂದೂ ಹೋಗೂ ಹೊತ್ತಾತು. ಆ ಸ್ಮಶಾನದಾಗ ನೋಡ್ರಿ, ಅವರ ಒಬ್ಬೊಬ್ಬ ಸಿಪಾಯಿಗೂ ಒಂದೊಂದ ಕಲ್ಲ, ಕಲ್ಲಿನ ಮ್ಯಾಲ ಹೆಸರು, ವಯಸ್ಸು, ಮುಂದ ಹೂವಿನ ಗಿಡ. ಅಷ್ಟ ಚಂದ ಲೆಕ್ಕಾ ಇಡೂ ಮಂದಿಗೆ ನಮ್ಮ ಈರಪ್ಪಣ್ಣನ್ನ ಎಲ್ಲಿ ಇಟ್ಟೇವಿ ಅನ್ನೂದು ಗೊತ್ತಿರೂದಿಲ್ಲೇನು?”

ಅವರು ನಮ್ಮ ಸರ್ಕಾರವನ್ನೂ ಕೇಳಿದ್ದರು. ಟ್ರಂಕಿನಿಂದ ಒಂದು ಹಳೆಯ ಉತ್ತರ ತೆಗೆದು ತೋರಿಸಿದರು: ‘ಸದರಿ ವಿಷಯ ಬ್ರಿಟಿಷ್ ಆಡಳಿತ ಕಾಲದ್ದಾಗಿದ್ದು, ದಾಖಲೆ ಲಭ್ಯವಿಲ್ಲ.’

ನನಗೆ ಒಂದು ಉಪಾಯ ಹೊಳೆಯಿತು. ಹೆದರಿದವರಿಗೆ ಉಪಾಯ ಬೇಗ ಹೊಳೆಯುತ್ತದೆ. ಅತಿಥಿಯ ಕೈಗೆ ಕೊಡುವ ಫೈಲಿನಲ್ಲಿ ಆರು ಹಾಳೆ ಇರುತ್ತಿದ್ದವು: ನಿಮಿಷವಾರು ಕಾರ್ಯಕ್ರಮ, ಕುರ್ಚಿಗಳ ನಕ್ಷೆ, ಬರುವವರ ಹೆಸರು ಇತ್ಯಾದಿ. ಅದನ್ನು ಜೋಡಿಸುವವಳು ನಾನು. ಅಜ್ಜನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಏಳನೆಯ ಹಾಳೆಯಾಗಿ ಇಡುತ್ತೇನೆ, ನೀವು ಮನೆಯಲ್ಲೇ ಇರಿ ಎಂದೆ.

ಅಜ್ಜ ಶೇಂಗಾದ ಸಿಪ್ಪೆ ಕೆದಕಿದರು. “ಮಾರಿ ನೋಡಿ ಕೇಳಬೇಕಂತ ಇತ್ತರಿ. ಟಪಾಲಿನಾಗ ಕೇಳಿದ್ರ ಅವರೂ ಇಂಥಾದ ಒಂದ ಚೀಟಿ ಕಳಸ್ತಾರ.”

“ಅವರ ಕೈಯಾಗ ನಾನ ಕೊಡ್ತೀನಿ, ಅಜ್ಜಾರ.”

“ನಿಮ್ಮ ಮಾತಿನ ಮ್ಯಾಲ ಕೊಡಾಕತ್ತೀನಿ ನೋಡ್ರಿ,” ಎಂದು ಆಮಂತ್ರಣ ಪತ್ರಿಕೆಯನ್ನು ನನ್ನ ಕೈಗಿಟ್ಟರು.

ಸೋಮವಾರ ಊಟದ ಬಿಡುವಿನಲ್ಲಿ, ಕಂಪ್ಯೂಟರಿನಲ್ಲಿ ಗುರುತು ಉಳಿಯುತ್ತದೆಂದು ಹೆದರಿ, ಹಳೆಯ ಟೈಪ್‌ರೈಟರಿನಲ್ಲಿ ಹೊಡೆದೆ. ಮೂರೇ ವಾಕ್ಯ. ಜೀವಮಾನದಲ್ಲಿ ಮೊದಲ ಸಲ ಕಾರ್ಬನ್ ಪ್ರತಿ ಇಲ್ಲದೆ ಟೈಪ್ ಮಾಡಿದ್ದೆ. ನನ್ನ ಧೈರ್ಯ ಎಷ್ಟೆಂದು ಆಗಲೇ ಗೊತ್ತಾಗಬೇಕಿತ್ತು.

ಆ ದಿನ ಎಂಟೂವರೆಗೆ ಕಾರ್ಯಕ್ರಮ. ಆರೂವರೆಗೆಲ್ಲ ನಾವು ಸ್ಮಶಾನದಲ್ಲಿದ್ದೆವು. ಹುಲ್ಲು ಕತ್ತರಿಸಿ, ಕಲ್ಲುಗಳನ್ನು ತೊಳೆದಿದ್ದರು. ಧ್ವಜವನ್ನು ಎರಡು ಸಲ ನೋಡಿದೆ. ಇನ್‌ಸ್ಪೆಕ್ಟರು ಬಂದು, ಆ ಮುದುಕನ ಮನೆಯ ಮುಂದೆ ಒಬ್ಬ ಕಾನ್‌ಸ್ಟೇಬಲ್ ಕೂತಿದ್ದಾನೆ, ಮುದುಕ ಹೊರಗೆ ಬಂದಿಲ್ಲ ಎಂದು ತಿಳಿಸಿ ಹೋದರು. ಏಳನೆಯ ಹಾಳೆ ನನ್ನ ಪರ್ಸಿನಲ್ಲಿತ್ತು. ಅತಿಥಿಯ ಕಾರು ಕಾಣಿಸುವ ಹೊತ್ತಿಗೆ ಅದನ್ನು ಫೈಲಿಗೆ ಸೇರಿಸುವುದೆಂದು ಗೊತ್ತುಮಾಡಿಕೊಂಡಿದ್ದೆ.

ಎಂಟೂ ಹತ್ತಕ್ಕೆ ಪಟವರ್ಧನ ಸಾಹೇಬರು ಬಂದು ಫೈಲು ಕೇಳಿದರು. ಹಾಳೆಗಳನ್ನು ಬೆರಳಿಂದ ಎಣಿಸಿದರು. ಆರು. ಅವರ ಹಣೆಯ ಮೇಲೆ ಬೆವರಿತ್ತು.

“ಬಾಯಿ, ಇವತ್ತು ಏನಾದರೂ ತಪ್ಪಿದರೆ ನನ್ನದು ಮುಗಿಯಿತು. ಇನ್ನೊಬ್ಬ ಮಗಳ ಮದುವೆ ಬಾಕಿ ಇದೆ.”

“ಏನೂ ತಪ್ಪುವುದಿಲ್ಲ ಸಾಹೇಬ.”

ಅತಿಥಿ ಬಂದರು. ಎತ್ತರದ ಮನುಷ್ಯ, ಕೋಟಿಗೆ ಸತ್ತ ಸೈನಿಕರ ನೆನಪಿನ ಕೆಂಪು ಕಾಗದದ ಹೂವು. ಹೂಚಕ್ರ ಇಟ್ಟರು, ಮೌನ ಮುಗಿಯಿತು. ಆಮೇಲೆ ಕಾರ್ಯಕ್ರಮದಲ್ಲಿ ಇಲ್ಲದ ಕೆಲಸ ಮಾಡಿದರು: ಸಾಲಿನ ಉದ್ದಕ್ಕೂ ನಡೆದು ಕಲ್ಲುಗಳ ಮೇಲಿನ ಹೆಸರು ಓದತೊಡಗಿದರು. ಫೈಲು ಹಿಡಿದ ನಾನು ಹಿಂದೆ ನಡೆದೆ. ಸಾಹೇಬರು ನನ್ನ ಹಿಂದೆ. ಒಂದು ಕಲ್ಲಿನ ಮುಂದೆ ಅತಿಥಿ ನಿಂತರು. ಹತ್ತೊಂಬತ್ತು ವರ್ಷದ ಯಾರೋ ಹುಡುಗನದು. ತಿರುಗಿ ನನ್ನನ್ನೇ ನೋಡಿ ಇಂಗ್ಲಿಷಿನಲ್ಲಿ ಕೇಳಿದರು:

“ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ. ನಾನು ನೋಡಬೇಕಾದದ್ದು ಇನ್ನೇನಾದರೂ ಇದೆಯೆ?”

ಅಲ್ಲಿಯವರೆಗೆ ಯಾವ ಅತಿಥಿಯೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ನನ್ನ ಕೈ ಪರ್ಸಿನ ಮೇಲೆ ಇತ್ತು. ಕೊಂಡಿ ತೆಗೆದರೆ ಸಾಕಿತ್ತು. ಬೆನ್ನ ಹಿಂದೆ ಸಾಹೇಬರ ಉಸಿರು ಕೇಳಿಸುತ್ತಿತ್ತು.

“ಇಲ್ಲ ಸರ್,” ಎಂದೆ. “ಎಲ್ಲವೂ ಕಾರ್ಯಕ್ರಮದ ಹಾಳೆಯಲ್ಲಿದೆ.”

ಅವರು ತಲೆಯಾಡಿಸಿ ಚಹಾದ ಕಡೆ ನಡೆದರು. ನಿಗದಿಯಾದ ಸಮಯಕ್ಕಿಂತ ನಾಲ್ಕು ನಿಮಿಷ ತಡವಾಗಿ ಕಾರು ಹೊರಟಿತು. ವಾರದ ಮೇಲೆ ಶಾಖೆಗೆ ಮೆಚ್ಚುಗೆಯ ಪತ್ರ ಬಂತು. ಸಾಹೇಬರು ಪೇಢೆ ಹಂಚಿದರು. ಏಳನೆಯ ಹಾಳೆಯನ್ನು ನಾನು ಮನೆಗೆ ಒಯ್ದು ಸೀರೆಗಳ ಕೆಳಗೆ ಇಟ್ಟೆ, ಹರಿಯಲಿಕ್ಕೂ ಧೈರ್ಯವಾಗಲಿಲ್ಲ.

ಅಜ್ಜ ಕಚೇರಿಗೆ ಫೋನು ಮಾಡಿದರು. “ಕೊಟ್ರೇನ್ರಿ?”

“ಕೊಟ್ಟೀನಿ ಅಜ್ಜಾರ. ಉತ್ತರ ಬರಬೇಕು.”

“ಬರಲಿ, ಬರಲಿ. ಅವರ ಟಪಾಲು ಇನ್ನೂ ಹಡಗದಾಗ ಬರ್ತೈತೇನೋ.”

ಅದಾದ ಮೇಲೆ ನನ್ನ ನಿವೃತ್ತಿಯವರೆಗೆ ಪ್ರತಿ ಆಗಸ್ಟ್ ಹದಿನೈದು ನನಗೆ ಶಿಕ್ಷೆಯಾಯಿತು. ಅಜ್ಜ ಮುಂದಿನ ಸಾಲಿನಲ್ಲಿ ಕೂತು, ಜನರ ಮಧ್ಯೆ ನನ್ನನ್ನು ಹುಡುಕಿ ಹುಬ್ಬೇರಿಸುತ್ತಿದ್ದರು: ಬಂತೇನು? ನಾನು ತಲೆಯಾಡಿಸುತ್ತಿದ್ದೆ: ಇಲ್ಲ. ಜುಲೈ ಬರುತ್ತಲೇ ನನಗೆ ನಿದ್ದೆ ಹೋಗುತ್ತಿತ್ತು. ಯಾರಾದರೂ ಹೈಕಮಿಷನ್ನಿಗೆ ಫೋನು ಮಾಡಿ ವಿಚಾರಿಸಿದರೆ? ಮುಂದೆ ವಿಮಾನ ನಗರ ಬಡಾವಣೆಯ ಹೊಸ ಹೋಟೆಲುಗಳಲ್ಲಿ ಬ್ರಿಟಿಷ್ ವ್ಯಾಪಾರಿ ನಿಯೋಗಗಳಿಗೆ ಔತಣಗಳು ನಡೆಯತೊಡಗಿದವು. ಸೂಚನಾಪತ್ರಗಳಲ್ಲಿ ‘ಆತ್ಮೀಯ’ ಎಂಬ ಪದ ತಿರುಗಿ ಬಂತು. ಯಾರೂ ಯಾರನ್ನೂ ಹಳೆಯದನ್ನು ಕೇಳುತ್ತಿರಲಿಲ್ಲ. ನಾನು ಮಾತ್ರ ಹೊಸ ಬ್ರಿಟಿಷ್ ಮುಖ ಕಂಡಾಗಲೆಲ್ಲ ಪರ್ಸನ್ನು ಗಟ್ಟಿಯಾಗಿ ಹಿಡಿಯುತ್ತಿದ್ದೆ.

ನಿವೃತ್ತಿಯಾದ ವರ್ಷವೇ ಮಾಹಿತಿ ಹಕ್ಕಿನ ಕಾನೂನು ಬಂತು. ಯಾವ ನಾಗರಿಕನೂ ಸರ್ಕಾರಿ ದಾಖಲೆ ಕೇಳಬಹುದು ಎಂದು ಪತ್ರಿಕೆಯಲ್ಲಿ ಓದಿದಾಗ ಒಂದು ವಿಷಯ ತಲೆಗೆ ಹೊಕ್ಕಿತು. ನಲವತ್ತೇಳರಲ್ಲಿ ಇಂಗ್ಲಿಷರು ಹೋಗುವಾಗ ಜೈಲಿನ ಬೀರುಗಳನ್ನು ಹೊತ್ತುಕೊಂಡು ಹೋಗಿರಲಾರರು. ದಾಖಲೆ ಇಡುವ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಳೆದ ನನಗೆ ಇದು ಮೊದಲೇ ಯಾಕೆ ಹೊಳೆಯಲಿಲ್ಲ? ‘ಲಭ್ಯವಿಲ್ಲ’ ಎಂದು ಬರೆದವರು ಬೀರು ತೆಗೆದು ನೋಡಿ ಬರೆದಿರುವುದಿಲ್ಲ ಎಂಬುದು ನಮ್ಮ ಕಚೇರಿಯ ಗೋಡೆಗೂ ಗೊತ್ತು. ಈರಪ್ಪನ ಮರಣದ ದಾಖಲೆ ಬೇಕೆಂದು ಜೈಲಿಗೆ ಅರ್ಜಿ ಹಾಕಿದೆ. ಒಂದು ತಿಂಗಳಲ್ಲಿ ಜೈಲಿನ ನಲವತ್ತೆರಡರ ರಿಜಿಸ್ಟರಿನ ಒಂದು ಪುಟದ ಜೆರಾಕ್ಸ್ ಬಂತು.

ಅದನ್ನು ಹಿಡಿದುಕೊಂಡು ಖಡಕಿಗೆ ಹೋದಾಗ ಅಜ್ಜನಿಗೆ ಎಂಬತ್ತನಾಲ್ಕು. ಕಣ್ಣಿಗೆ ಪೊರೆ ಬಂದಿತ್ತು. ದನಿಯಿಂದ ನನ್ನ ಗುರುತು ಹಿಡಿದರು.

“ಲಂಡನ್ನಿಂದ ಬಂತೇನ್ರಿ?”

“ಅಲ್ಲರಿ ಅಜ್ಜಾರ. ಇಲ್ಲಿಂದನ. ಜೈಲಿನಿಂದ.”

ಓದಿ ಹೇಳಿದೆ. ಹೆಸರು, ಊರು, ವಯಸ್ಸು ಇಪ್ಪತ್ನಾಲ್ಕು, ಜ್ವರದಿಂದ ಮರಣ. ಜೈಲಿನ ಪೂರ್ವ ಗೋಡೆಯ ಹೊರಗೆ ಸರ್ಕಾರಿ ಜಾಗದಲ್ಲಿ ಹೂಳಲಾಯಿತು. ವಾರಸುದಾರರು: ಯಾರೂ ಇಲ್ಲ.

“ಹೂಳ್ಯಾರ?”

“ಹೂಳ್ಯಾರರಿ.”

“ಸುಟ್ಟಿಲ್ಲ.”

“ಇಲ್ಲರಿ.”

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. “ಕಡೀ ಮಾತ ಇನ್ನೊಮ್ಮೆ ಓದ್ರಿ,” ಎಂದರು.

“ವಾರಸುದಾರರು: ಯಾರೂ ಇಲ್ಲ.”

“ನಾ ಮೂರನೇ ಬರಾಕಿನ್ಯಾಗ ಇದ್ನಲ್ರಿ. ಅಂವ ಐದನೇದರಾಗ. ನಡುವ ಒಂದ ಅಂಗಳ.”

ನನಗೆ ಇನ್ನು ತಡೆಯಲಾಗಲಿಲ್ಲ. “ಅಜ್ಜಾರ, ಆ ಹಾಳಿ ನಾ ಅವರಿಗೆ ಕೊಡಲೇ ಇಲ್ಲ. ಸುಳ್ಳ ಹೇಳಿದೆ.”

ಒಳಗೆ ಶಾಂತಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಅಜ್ಜ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು.

“ಇಷ್ಟ ವರ್ಷ ನಾ ಅವರನ್ನ ಬೈದನಿ. ದಿನಾ ಟಪಾಲ್ಯಾಂವ ಮುಂದ ಹಾದು ಹೋದ ಮ್ಯಾಲ ಬೈದನಿ. ಅವರ ತನಕ ನನ್ನ ಮಾತ ಹೋಗೇ ಇಲ್ಲ?”

“ಇಲ್ಲರಿ.”

“ಯಾಕ?”

“ಹೆದರಿದೆ.”

“ಯಾರಿಗೆ? ಅವರಿಗೇನು?”

“ನಮ್ಮವರಿಗರಿ.”

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. “ಪೆನ್ನ ತಗೀರಿ,” ಎಂದರು. ಅವರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ: ನನ್ನ ಅಣ್ಣನನ್ನು ಎಲ್ಲಿ ಹೂಳಿದಿರೆಂದು ನನಗೆ ಈಗ ತಿಳಿದಿದೆ, ಅದನ್ನು ನಿಮ್ಮನ್ನು ಕೇಳುವುದಿಲ್ಲ. ನಿಮ್ಮ ರಿಜಿಸ್ಟರಿನಲ್ಲಿ ಅವನಿಗೆ ಯಾರೂ ಇಲ್ಲವೆಂದು ಬರೆದಿದ್ದೀರಿ. ನಾನು ಅದೇ ಜೈಲಿನಲ್ಲಿದ್ದೆ. ನನ್ನನ್ನು ಯಾಕೆ ಕರೆಯಲಿಲ್ಲ? ಇದಕ್ಕೆ ಉತ್ತರ ಬೇಕು.

ನಾನು ಕೈ ಹಿಡಿದು ತೋರಿಸಿದ ಜಾಗದಲ್ಲಿ ಗುಂಡಗಿನ ಸಹಿ ಮಾಡಿದರು. “ಕೆಳಗ ನಿಮ್ಮ ಹೆಸರೂ ಹಾಕ್ರಿ. ಯಾರು ಬರದಾರ ಅನ್ನೂದೂ ಗೊತ್ತಾಗಲಿ.”

ಖಡಕಿಯ ಅಂಚೆ ಕಚೇರಿಯಲ್ಲಿ ಬ್ರಿಟಿಷ್ ಹೈಕಮಿಷನ್ನಿನ ಹೆಸರಿಗೆ ರಿಜಿಸ್ಟರ್ ಮಾಡಲು ಕೊಟ್ಟೆ. ಕಿಟಕಿಯಾಚೆಯ ಹೆಂಗಸು ಲಕೋಟೆ ತಿರುಗಿಸಿ ನೋಡಿ ಮರಾಠಿಯಲ್ಲಿ, ಕಳಿಸುವವರ ಹೆಸರೆಲ್ಲಿ ಎಂದಳು. ಪೆನ್ಶನ್ ತಿನ್ನುವ ನಿವೃತ್ತ ನೌಕರರು ಪರದೇಶದ ಕಚೇರಿಗೆ ಇಂಥ ಪತ್ರ ಬರೆಯಬಹುದೆ ಎಂದು ಯಾವ ನಿಯಮ ಪುಸ್ತಕದಲ್ಲಿದೆಯೋ ನನಗೆ ನೆನಪಾಗಲಿಲ್ಲ. ಅಜ್ಜನ ಹೆಸರು ಬರೆದೆ. ಕೆಳಗೆ ನನ್ನ ಹೆಸರು, ಮನೆಯ ವಿಳಾಸ ಬರೆದೆ.

ರಸೀದಿಯನ್ನು ನನ್ನ ಹತ್ತಿರ ಇಟ್ಟುಕೊಳ್ಳದೆ ತಿರುಗಿ ಓಣಿಗೆ ಹೋಗಿ ಅಜ್ಜನ ಕೈಗೆ ಕೊಟ್ಟೆ. ಅವರು ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಅದರ ಮೇಲಿನ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿದರು. ಮುಗಿಯುವವರೆಗೆ ನಾನು ನಿಂತೇ ಕೇಳಿದೆ. ಕೂಡ್ರಿ ಎಂದು ಅವರು ಹೇಳಲಿಲ್ಲ.